ಕಿಟಕಿ ಪಕ್ಕ ಒಂದು ಸ್ಟೂಲ್: ಮನೆಯಲ್ಲೇ ಒಳ್ಳೆಯ ಭಾವಚಿತ್ರ ತೆಗೆಯುವುದನ್ನು ಕಲಿಯಿರಿ

ಎಷ್ಟೋ ಮನೆಗಳಲ್ಲಿ ಗೋಡೆ ಮೇಲೆ ಹಾರ ಹಾಕಿರುವ ಅಜ್ಜನ ಫೋಟೋ ಯಾವುದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದಾಗಿರುತ್ತದೆ. ಇಲ್ಲದಿದ್ದರೆ ಆಧಾರ್ ಕಾರ್ಡಿನದ್ದು. ಅವರನ್ನೇ ಕೂರಿಸಿ, ಅವರಿಗೋಸ್ಕರ ಸಮಯ ಕೊಟ್ಟು ತೆಗೆದ ಒಂದು ಚಿತ್ರವೂ ಇರುವುದಿಲ್ಲ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಕಾಲದಲ್ಲಿ ಹೀಗಾಗಬಾರದು ಅನ್ನುವುದು ನನ್ನ ಆಸೆ.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಒಂದೇ ಕೆಲಸ ಇಟ್ಟುಕೊಂಡಿದ್ದೇನೆ. ಮನೆಯ ಹಿರಿಯರೊಬ್ಬರು, ಒಂದು ಕಿಟಕಿ, ಒಂದು ಒಳ್ಳೆಯ ಚಿತ್ರ. ಇದಿಷ್ಟು ಸರಿಯಾಗಿ ಬಂದರೆ ಪೋರ್ಟ್ರೇಟ್ ಫೋಟೋಗ್ರಫಿಯ ಬುನಾದಿ ಬಂದ ಹಾಗೆ. ಕಲಿಯುವ ಕ್ರಮವನ್ನೂ ಹೇಳಿಬಿಡುತ್ತೇನೆ: ಮೊದಲು ಬೆಳಕು, ಆಮೇಲೆ ದೂರ, ಆಮೇಲೆ ಎದುರಿಗಿರುವ ಮನುಷ್ಯ. ಕ್ಯಾಮೆರಾ ಸೆಟ್ಟಿಂಗ್ ಎಲ್ಲಕ್ಕಿಂತ ಸುಲಭದ ಭಾಗ. ಹೊಸಬರು ಇದನ್ನು ತಲೆಕೆಳಗು ಮಾಡಿ ಮೊದಲು ಲೆನ್ಸ್ ಹುಡುಕಲು ಹೊರಡುತ್ತಾರೆ.

ಏನೇನು ಬೇಕು

ಕ್ಯಾಮೆರಾ ಇದ್ದರೆ ಸರಿ, ಇಲ್ಲದಿದ್ದರೆ ಫೋನ್ ಸಾಕು. ಬೆನ್ನು ಆನಿಸಲಾಗದ ಒಂದು ಸ್ಟೂಲ್, ಒಂದು ಬಿಳಿ ಪಂಚೆ ಅಥವಾ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದೊಡ್ಡ ಥರ್ಮಾಕೋಲ್ ಹಾಳೆ, ಮುಖ ಒರೆಸಿಕೊಳ್ಳಲು ಒಂದು ಟವೆಲ್. ಕುಳಿತವರು ತುಂಬಾ ವಯಸ್ಸಾದವರಾದರೆ ಸ್ಟೂಲ್ ಬೇಡ, ಕೈ ಇಲ್ಲದ ಕುರ್ಚಿ ಹಾಕಿ. ಸೋಫಾ ಮಾತ್ರ ಬೇಡವೇ ಬೇಡ. ಅದರಲ್ಲಿ ಕುಳಿತರೆ ಎಂಥವರ ಬೆನ್ನೂ ಬಾಗುತ್ತದೆ, ಭುಜ ಕುಸಿಯುತ್ತದೆ, ಕುತ್ತಿಗೆ ಮಾಯವಾಗುತ್ತದೆ.

ಹಂತ 1: ಕಿಟಕಿ ಆರಿಸಿ

ಮನೆಯಲ್ಲಿರುವ ಕಿಟಕಿಗಳಲ್ಲಿ ದೊಡ್ಡದನ್ನು ಹುಡುಕಿ. ಬಿಸಿಲು ನೇರವಾಗಿ ಒಳಗೆ ಬೀಳುತ್ತಿರಬಾರದು, ಆದರೆ ಹೊರಗಿನ ಆಕಾಶ ಕಾಣುತ್ತಿರಬೇಕು. ನೇರ ಬಿಸಿಲಿಗೆ ಮುಖದ ಮೇಲೆ ಗಟ್ಟಿ ಅಂಚಿನ ನೆರಳು ಬೀಳುತ್ತದೆ, ಕಣ್ಣು ಕಿರಿದಾಗುತ್ತದೆ. ಆಕಾಶದ ಬೆಳಕು ಹಾಗಲ್ಲ. ಅದು ಕಿಟಕಿಯ ಇಡೀ ಅಗಲದಿಂದ ಬರುವುದರಿಂದ ನೆರಳು ನಿಧಾನವಾಗಿ ಕರಗುತ್ತದೆ. ಬೆಳಕಿನ ಮೂಲ ಮುಖಕ್ಕಿಂತ ಎಷ್ಟು ದೊಡ್ಡದೋ, ಎಷ್ಟು ಹತ್ತಿರವೋ, ನೆರಳು ಅಷ್ಟು ಮೃದು. ಇದೊಂದು ಸೂತ್ರ ನೆನಪಿದ್ದರೆ ಮುಂದೆ ಸ್ಟುಡಿಯೋ ಲೈಟ್ ಹಿಡಿದಾಗಲೂ ಇದೇ ಕೆಲಸಕ್ಕೆ ಬರುತ್ತದೆ.

ಪುಸ್ತಕಗಳಲ್ಲಿ ಉತ್ತರದ ಕಿಟಕಿಯೇ ಶ್ರೇಷ್ಠ ಎಂದು ಓದಿರುತ್ತೀರಿ. ಅದು ಯೂರೋಪಿನ ಮಾತು. ಅಲ್ಲಿ ಹಗಲಿನ ಹೆಚ್ಚಿನ ಹೊತ್ತು ಸೂರ್ಯ ದಕ್ಷಿಣದ ಕಡೆಗೇ ವಾಲಿಕೊಂಡಿರುತ್ತಾನೆ. ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆ ತಿಂಗಳುಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೂ ಬಿಸಿಲು ಓರೆಯಾಗಿ ಬರಬಹುದು. ಹಾಗಾಗಿ ದಿಕ್ಕು ನಂಬಿ ಕೂರಬೇಡಿ. ಒಂದು ರಜಾ ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮನೆಯೆಲ್ಲ ಸುತ್ತಿ ಯಾವ ಹೊತ್ತಿಗೆ ಯಾವ ಕಿಟಕಿ ಚೆನ್ನಾಗಿದೆ ಎಂದು ನೋಡಿಟ್ಟುಕೊಳ್ಳಿ. ಬಿಸಿಲು ಬೀಳುವ ಕಿಟಕಿ ಬಿಟ್ಟರೆ ಬೇರೆ ಇಲ್ಲ ಅಂದರೆ ಅದಕ್ಕೆ ತೆಳ್ಳನೆಯ ಬಿಳಿ ಪಂಚೆ ಕಟ್ಟಿ. ಪಂಚೆಯೇ ಈಗ ಬೆಳಕಿನ ಮೂಲವಾಗುತ್ತದೆ.

ಇನ್ನೊಂದು ಮುಖ್ಯ ಕೆಲಸ. ಕೋಣೆಯ ಟ್ಯೂಬ್‌ಲೈಟ್, ಬಲ್ಬ್, ಟಿವಿ ಎಲ್ಲ ಆರಿಸಿ. "ಕತ್ತಲೆ ಆಗುತ್ತಲ್ಲ" ಎಂದು ಮನೆಯವರು ತಕರಾರು ತೆಗೆಯುತ್ತಾರೆ. ಆಗಲಿ. ಕಿಟಕಿಯ ಬೆಳಕಿನ ಬಣ್ಣ ಬೇರೆ, ಬಲ್ಬಿನ ಬಣ್ಣ ಬೇರೆ. ಎರಡೂ ಸೇರಿದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ ಆಗಿ ಬರುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡುವುದು ದೊಡ್ಡ ಕಿರಿಕಿರಿ. ಗೋಡೆಯ ಬಣ್ಣವನ್ನೂ ಗಮನಿಸಿ. ಗಿಳಿಹಸಿರು ಅಥವಾ ಗುಲಾಬಿ ಪೇಂಟ್ ಹೊಡೆದ ಕೋಣೆಯಲ್ಲಿ ಗೋಡೆಯ ಬಣ್ಣವೇ ಪ್ರತಿಫಲಿಸಿ ಮುಖದ ನೆರಳಿಗೆ ಹತ್ತುತ್ತದೆ.

ಹಂತ 2: ತೆಂಗಿನಕಾಯಿಯ ಮೇಲೆ ಅಭ್ಯಾಸ ಮಾಡಿ

ಹಿರಿಯರನ್ನು ಕೂರಿಸಿಕೊಂಡು ಬೆಳಕು ಹುಡುಕಬಾರದು. ಅವರಿಗೆ ಬೇಸರ ಬರುತ್ತದೆ, ನಿಮಗೆ ಗಡಿಬಿಡಿ. ಮೊದಲು ಜುಟ್ಟಿರುವ ಒಂದು ತೆಂಗಿನಕಾಯಿ ತಂದು, ಜುಟ್ಟು ನಿಮ್ಮ ಕಡೆ ಬರುವಂತೆ ಸ್ಟೂಲಿನ ಮೇಲೆ ಮಲಗಿಸಿ. ಸ್ಟೂಲ್ ಕಿಟಕಿಯಿಂದ ಮೂರ್ನಾಲ್ಕು ಅಡಿ ದೂರದಲ್ಲಿರಲಿ. ಜುಟ್ಟನ್ನೇ ಮೂಗು ಎಂದುಕೊಂಡು ಅದರ ನೆರಳು ಎಲ್ಲಿ ಬೀಳುತ್ತದೆ ನೋಡಿ.

ನೀವು ಕಿಟಕಿಗೆ ಬೆನ್ನು ಹಾಕಿ ನಿಂತರೆ ಬೆಳಕು ಕಾಯಿಯ ಮೇಲೆ ಎದುರಿನಿಂದ ಬೀಳುತ್ತದೆ. ನೆರಳೇ ಇಲ್ಲ, ಕಾಯಿ ಚಪ್ಪಟೆಯಾಗಿ ಕಾಣುತ್ತದೆ. ಈಗ ನಿಧಾನವಾಗಿ ಕಾಯಿಯ ಸುತ್ತ ನಡೆಯಿರಿ, ಜುಟ್ಟನ್ನು ನಿಮ್ಮ ಕಡೆಗೇ ತಿರುಗಿಸಿಕೊಳ್ಳುತ್ತಾ ಹೋಗಿ. ಕಿಟಕಿ ಓರೆಗೆ, ಸುಮಾರು 45 ಡಿಗ್ರಿಗೆ ಬಂದಾಗ ಜುಟ್ಟಿನ ನೆರಳು ಒಂದು ಪಕ್ಕಕ್ಕೆ ಸರಿಯುತ್ತದೆ, ಕಾಯಿ ದುಂಡಗಾಗುತ್ತದೆ. ಕಿಟಕಿ ಪೂರ್ತಿ ಪಕ್ಕಕ್ಕೆ ಬಂದಾಗ ಅರ್ಧ ಬೆಳಕು, ಅರ್ಧ ಕತ್ತಲು. ನಾರಿನ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಮುಖದ ಸುಕ್ಕುಗಳೂ ಹೀಗೇ ಎದ್ದು ಕಾಣುತ್ತವೆ ಅನ್ನುವುದನ್ನು ಇಲ್ಲಿ ಮನಸ್ಸಿಗೆ ತಂದುಕೊಳ್ಳಿ. ಕಿಟಕಿ ಕಾಯಿಯ ಹಿಂದೆ ಬಂದರೆ ಆಕಾರ ಮಾತ್ರ ಉಳಿಯುತ್ತದೆ.

ಮುಖಕ್ಕೆ ಸಾಮಾನ್ಯವಾಗಿ ಒಪ್ಪುವುದು ಆ ಓರೆ ಬೆಳಕು. ಅದರಲ್ಲೇ ಸ್ವಲ್ಪ ಇನ್ನೂ ಪಕ್ಕಕ್ಕೆ ಹೋದರೆ ಮೂಗಿನ ನೆರಳು ಕೆನ್ನೆಯ ನೆರಳಿಗೆ ಕೂಡಿಕೊಂಡು, ಕತ್ತಲೆಯ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನ ಉಳಿಯುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ (1606–1669) ಬರೆದ ಮುಖಗಳಲ್ಲಿ ಇದು ಮತ್ತೆ ಮತ್ತೆ ಕಾಣುವುದರಿಂದ ಅವನ ಹೆಸರಿನಲ್ಲೇ ರೆಂಬ್ರಾಂಟ್ ಲೈಟಿಂಗ್ ಎನ್ನುತ್ತಾರೆ. ಬೆಳಕು ಕಣ್ಣಿಗಿಂತ ಮೇಲಿನಿಂದ ಬಂದರೆ ಮಾತ್ರ ಇದು ಸಿಗುತ್ತದೆ. ಕಿಟಕಿ ನೆಲದವರೆಗೂ ಇದ್ದರೆ ಕೆಳಗಿನ ಅರ್ಧ ಮುಚ್ಚಿ ನೋಡಿ.

ಇನ್ನು ಥರ್ಮಾಕೋಲ್. ಅದನ್ನು ಕಿಟಕಿಯ ಎದುರು ಬದಿಯಲ್ಲಿ, ಕಾಯಿಯ ಕತ್ತಲೆ ಕಡೆ ಹಿಡಿಯಿರಿ. ನೆರಳು ತಿಳಿಯಾಗುತ್ತದೆ. ಹತ್ತಿರ ತಂದಷ್ಟೂ ಜಾಸ್ತಿ ತಿಳಿ. ಪೂರ್ತಿ ಅಳಿಸಬೇಡಿ. ಎರಡೂ ಕೆನ್ನೆ ಒಂದೇ ಸಮ ಬೆಳಗಾದರೆ ಅದು ಪಾಸ್‌ಪೋರ್ಟ್ ಫೋಟೋ.

ಈ ಕಣ್ಣು ಪಳಗಲು ಇನ್ನೊಂದು ದಾರಿ ಇದೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತೆಗೆದ ಸಾಮಾನ್ಯ ಜನರ ಕಪ್ಪು-ಬಿಳುಪು ಚಿತ್ರಗಳನ್ನು, ಕೆ.ಜಿ. ಸೋಮಶೇಖರ್ ತೆಗೆದ ಕನ್ನಡ ಸಾಹಿತಿಗಳ ಭಾವಚಿತ್ರಗಳನ್ನು ಹುಡುಕಿ ನೋಡಿ. ಒಂದೊಂದರಲ್ಲೂ ಕಣ್ಣೊಳಗಿನ ಬೆಳಕಿನ ಚುಕ್ಕೆ ಎಲ್ಲಿದೆ, ಮೂಗಿನ ನೆರಳು ಯಾವ ಕಡೆಗಿದೆ ನೋಡಿದರೆ ಬೆಳಕು ಎಲ್ಲಿಂದ ಬಂತು ಎಂದು ನೀವೇ ಹೇಳಬಹುದು.

ಹಂತ 3: ದೂರ

ಮುಖದ ಆಕಾರ ಕೆಡುವುದು ಲೆನ್ಸಿನಿಂದ ಅಲ್ಲ, ನೀವು ನಿಂತ ದೂರದಿಂದ. ಒಂದೂವರೆ ಅಡಿಯಿಂದ ತೆಗೆದರೆ ಮೂಗು ಊದಿಕೊಂಡು ಕಿವಿ ಹಿಂದೆ ಸರಿಯುತ್ತದೆ. ಐದಾರು ಅಡಿ ದೂರದಿಂದ ತೆಗೆದರೆ ಎಲ್ಲ ತಮ್ಮ ತಮ್ಮ ಅಳತೆಯಲ್ಲಿ ಬರುತ್ತವೆ. ಹಾಗಾಗಿ ಮೊದಲು ಐದಾರು ಅಡಿ ದೂರ ನಿಲ್ಲಿ. ಅಲ್ಲಿಂದ ಮುಖ ಮತ್ತು ಭುಜ ಚೌಕಟ್ಟು ತುಂಬುವ ಲೆನ್ಸ್ ಯಾವುದೋ ಅದನ್ನು ಬಳಸಿ.

ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸ್ ಇದ್ದರೆ ಪೂರ್ತಿ ಝೂಮ್ ಮಾಡಿ. ಒಂದೇ ಒಂದು ಲೆನ್ಸ್ ಕೊಳ್ಳುವುದಾದರೆ 50 ಮಿ.ಮೀ. ಎಫ್ 1.8 ತೆಗೆದುಕೊಳ್ಳಿ. (ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ. ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಬರುವ ಆಳ ಕಡಿಮೆ.) ಬಹುತೇಕ ಕಂಪನಿಗಳ ಅಗ್ಗದ ಲೆನ್ಸ್‌ಗಳಲ್ಲಿ ಅದೂ ಒಂದು. ಸಣ್ಣ ಸೆನ್ಸರಿನ, ಅಂದರೆ ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಅದು 75–80 ಮಿ.ಮೀ. ಲೆನ್ಸಿನಷ್ಟೇ ನೋಟ ಕೊಡುತ್ತದೆ. ಭಾವಚಿತ್ರಕ್ಕೆ ಹೇಳಿ ಮಾಡಿಸಿದ ಅಳತೆ. ಫೋನಿನಲ್ಲಿ 1 ಎಕ್ಸ್ ಬಿಟ್ಟು 2 ಎಕ್ಸ್ ಅಥವಾ 3 ಎಕ್ಸ್ ಒತ್ತಿ, ಹಿಂದೆ ಸರಿಯಿರಿ. ಸೆಲ್ಫಿ ಕ್ಯಾಮೆರಾ ಬೇಡ.

ಹಂತ 4: ಹಿನ್ನೆಲೆ

ಇದು ಬೇಗ ಮುಗಿಯುವ ಕೆಲಸ. ಕ್ಯಾಲೆಂಡರ್, ಸ್ವಿಚ್ ಬೋರ್ಡ್, ಗೋದ್ರೆಜ್ ಬೀರುವಿನ ಹಿಡಿ, ತಲೆಯ ಹಿಂದಿನಿಂದ ಎದ್ದು ನಿಂತ ಕಂಬ, ಇವು ಚೌಕಟ್ಟಿನಲ್ಲಿ ಇರಬಾರದು. ಕುಳಿತವರನ್ನು ಗೋಡೆಯಿಂದ ಕನಿಷ್ಠ ಐದು ಅಡಿ ಮುಂದೆ ತನ್ನಿ. ಕಿಟಕಿಯಿಂದ ದೂರ ಹೋದಂತೆ ಬೆಳಕು ಕಡಿಮೆಯಾಗುವುದರಿಂದ ಹಿಂದಿನ ಗೋಡೆ ತಾನಾಗಿಯೇ ಮಂಕಾಗುತ್ತದೆ. ಗಾಢ ಬಣ್ಣದ ಕಂಬಳಿ ಇದ್ದರೆ ಹಗ್ಗಕ್ಕೆ ನೇತುಹಾಕಿ. ಸುಕ್ಕು ಬಿಡಿಸಿರಬೇಕು ಅಷ್ಟೆ.

ಹಂತ 5: ಸೆಟ್ಟಿಂಗ್

ಕ್ಯಾಮೆರಾದಲ್ಲಿ ಅಪರ್ಚರ್ ಪ್ರಯಾರಿಟಿ ಮೋಡ್ ಇಡಿ. ಇದರಲ್ಲಿ ಕಿಂಡಿಯ ಅಳತೆ ನೀವು ಆರಿಸುತ್ತೀರಿ, ಶಟರ್ ವೇಗವನ್ನು ಕ್ಯಾಮೆರಾ ಆರಿಸುತ್ತದೆ. ಎಫ್ 2.8ರಿಂದ ಶುರು ಮಾಡಿ. ಎಫ್ 1.8ಕ್ಕೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಎಪಿಎಸ್-ಸಿ ಕ್ಯಾಮೆರಾಗೆ 50 ಮಿ.ಮೀ. ಲೆನ್ಸ್ ಹಾಕಿ ಐದು ಅಡಿಯಿಂದ ತೆಗೆದರೆ ಆಗ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂ.ಮೀ. ಮಾತ್ರ. ಅಜ್ಜಿ ಸ್ವಲ್ಪ ಮುಂದೆ ವಾಲಿದರೂ ಕಣ್ಣು ಮಸುಕು. ಇಬ್ಬರು ಅಕ್ಕಪಕ್ಕ ಕುಳಿತಿದ್ದರೆ ಎಫ್ 4 ಅಥವಾ 5.6. ಶಟರ್ ವೇಗ, ಅಂದರೆ ಶಟರ್ ತೆರೆದಿರುವ ಹೊತ್ತು, 1/125 ಸೆಕೆಂಡಿಗಿಂತ ನಿಧಾನ ಆಗಬಾರದು. ಮಕ್ಕಳಾದರೆ 1/250 ಅಥವಾ 1/500. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ 1600ರವರೆಗೆ ಏರಿದರೆ ಹೆದರಬೇಡಿ. ಕಾಳು ಕಾಳಾದ ಸ್ಪಷ್ಟ ಚಿತ್ರ, ನುಣುಪಾದ ಅಲುಗಿದ ಚಿತ್ರಕ್ಕಿಂತ ಎಷ್ಟೋ ಮೇಲು. ಸಾಧ್ಯವಿದ್ದರೆ ರಾ ಫೈಲ್ (ಕ್ಯಾಮೆರಾ ತಿದ್ದದೆ ಇಟ್ಟ ಮೂಲ ಚಿತ್ರ) ಉಳಿಸಿಕೊಳ್ಳಿ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ 'ಡೇಲೈಟ್'ಗೆ ಕಟ್ಟಿಹಾಕಿದರೆ ಒಂದೊಂದು ಚಿತ್ರ ಒಂದೊಂದು ಬಣ್ಣ ಆಗುವುದು ತಪ್ಪುತ್ತದೆ.

ಫೋಕಸ್ ಯಾವಾಗಲೂ ಕ್ಯಾಮೆರಾಗೆ ಹತ್ತಿರವಿರುವ ಕಣ್ಣಿನ ಮೇಲೆ. ಹೊಸ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕುತ್ತವೆ. ಹಳೆಯದಾದರೆ ಒಂದೇ ಫೋಕಸ್ ಚುಕ್ಕೆ ಆರಿಸಿ ಕಣ್ಣಿನ ಮೇಲಿಡಿ.

ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಗೋಡೆ ಚೌಕಟ್ಟಿನಲ್ಲಿ ಜಾಸ್ತಿ ಇದ್ದರೆ ಕ್ಯಾಮೆರಾ ಮೋಸ ಹೋಗಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ಆರಿಸಿದ ಬೆಳಕನ್ನು ಏರಿಸುವ, ಇಳಿಸುವ ಸೆಟ್ಟಿಂಗ್) +0.7ರಷ್ಟು ಏರಿಸಿ. ಗಾಢ ಕಂಬಳಿ ಹಿನ್ನೆಲೆಯಾಗಿದ್ದರೆ ಅಷ್ಟೇ ಇಳಿಸಿ.

ಫೋನಿನವರು ಮೊದಲು ಲೆನ್ಸ್ ಒರೆಸಿ. ಬೆರಳಿನ ಎಣ್ಣೆ ಮೆತ್ತಿಕೊಂಡಿದ್ದರೆ ಕಿಟಕಿಯ ಬೆಳಕು ಹಬೆಯ ಥರ ಹರಡುತ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಆಮೇಲೆ ಬೆರಳನ್ನು ಸ್ವಲ್ಪ ಕೆಳಕ್ಕೆ ಎಳೆದು, ಹಣೆಯ ಹೊಳಪು ಬಿಳುಚದಷ್ಟು ಬೆಳಕು ಇಳಿಸಿ. ಪೋರ್ಟ್ರೇಟ್ ಮೋಡ್ ಬಳಸಬಹುದು, ಆದರೆ ಮುಡಿದ ಮಲ್ಲಿಗೆ, ಜುಮುಕಿ, ಕನ್ನಡಕದ ಕಡ್ಡಿ, ಬಿಡಿ ಕೂದಲು ಇವುಗಳ ಅಂಚನ್ನು ಅದು ಆಗಾಗ ಕಚ್ಚಿಹಾಕುತ್ತದೆ. ಮಸುಕಿನ ಪ್ರಮಾಣ ಅರ್ಧಕ್ಕೆ ಇಳಿಸಿದರೆ ಈ ತಪ್ಪು ಅಷ್ಟಾಗಿ ಕಾಣುವುದಿಲ್ಲ. ಬ್ಯೂಟಿ ಫಿಲ್ಟರ್ ಪೂರ್ತಿ ಆಫ್ ಮಾಡಿ. ಹಲವು ಫೋನ್‌ಗಳಲ್ಲಿ ಅದು ಕೇಳದೆಯೇ ಆನ್ ಆಗಿರುತ್ತದೆ.

ಹಂತ 6: ಕೂರಿಸುವುದು, ಮಾತಾಡಿಸುವುದು

ಭಾವಚಿತ್ರ ಗೆಲ್ಲುವುದೂ ಸೋಲುವುದೂ ಇಲ್ಲೇ. ಕ್ಯಾಮೆರಾ, ಬೆಳಕು, ಸ್ಟೂಲ್ ಎಲ್ಲ ಸಿದ್ಧವಾದ ಮೇಲೆಯೇ ಅವರನ್ನು ಕರೆಯಿರಿ. ಸ್ನಾನ, ಪೂಜೆ, ತಿಂಡಿ ಮುಗಿದ ಹೊತ್ತು ಒಳ್ಳೆಯದು. ಯಾವ ಸೀರೆ, ಯಾವ ಅಂಗಿ ಅನ್ನುವುದನ್ನು ಅವರೇ ಆರಿಸಲಿ. ದಿನವೂ ಉಡುವ ಹತ್ತಿ ಸೀರೆಯಲ್ಲಿ ಅಜ್ಜಿ ಅಜ್ಜಿಯ ಹಾಗೇ ಕಾಣುತ್ತಾರೆ. ಆದರೂ ಅವರಿಗೆ ರೇಷ್ಮೆ ಸೀರೆಯೇ ಬೇಕು ಅಂದರೆ ಅದೇ ಸರಿ. ಚಿತ್ರ ಅವರದ್ದು.

ಹಣೆ ಮತ್ತು ಮೂಗಿನ ಎಣ್ಣೆ ಹೊಳಪನ್ನು ಟವೆಲಿನಿಂದ ಒತ್ತಿಕೊಳ್ಳಲು ಹೇಳಿ. ಭುಜವನ್ನು ಕಿಟಕಿಯ ಕಡೆಗೆ ಸ್ವಲ್ಪ ಓರೆ ಮಾಡಿ ಕೂರಿಸಿ, ಮುಖ ಮಾತ್ರ ನಿಮ್ಮ ಕಡೆ ಬರಲಿ. ನೆಟ್ಟಗೆ ಎದುರು ಕುಳಿತರೆ ಮೈ ಅಗಲವಾಗಿ ಕಾಣುತ್ತದೆ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಬೇಕು. ಅವರು ಕುಳಿತಿದ್ದರೆ ನೀವೂ ಕುಳಿತುಕೊಳ್ಳಿ, ಇಲ್ಲವೇ ಮಂಡಿಯೂರಿ. ಮೇಲಿನಿಂದ ತೆಗೆದರೆ ಹಿರಿಯರು ಕುಗ್ಗಿದ ಹಾಗೆ ಕಾಣುತ್ತಾರೆ.

ಗದ್ದದ ಒಂದು ಉಪಾಯ ಇದೆ. ಗದ್ದವನ್ನು ಮೊದಲು ಸ್ವಲ್ಪ ಮುಂದಕ್ಕೆ ತಂದು, ಆಮೇಲೆ ಚೂರೇ ಚೂರು ಕೆಳಗಿಳಿಸಬೇಕು. ಕತ್ತಿನ ಸಡಿಲ ಚರ್ಮ ಬಿಗಿಯಾಗಿ ದವಡೆಯ ಗೆರೆ ಕಾಣುತ್ತದೆ. ಬಾಯಲ್ಲಿ ವಿವರಿಸಿದರೆ ಗೊಂದಲ. ನೀವೇ ಮಾಡಿ ತೋರಿಸಿ, "ಅಜ್ಜಿ, ಹೀಗೆ ಮಾಡ್ತೀರಾ?" ಎಂದರೆ ಸಾಕು. ಮುಖ ಮುಟ್ಟಿ ತಿರುಗಿಸಬೇಡಿ. ಸೆರಗು ಸರಿ ಮಾಡಬೇಕಿದ್ದರೂ ಕೇಳಿಯೇ ಮುಟ್ಟಿ.

ಕನ್ನಡಕದಲ್ಲಿ ಕಿಟಕಿ ಹೊಳೆಯುತ್ತಿದ್ದರೆ ಕನ್ನಡಕ ತೆಗೆಸಬೇಡಿ. ದಿನವೂ ಹಾಕುವವರ ಮುಖ ಅದಿಲ್ಲದೆ ಬೇರೆಯೇ ಆಗುತ್ತದೆ. ಕಡ್ಡಿಗಳನ್ನು ಕಿವಿಯ ಮೇಲೆ ಕಾಲಿಂಚಿನಷ್ಟು ಎತ್ತಿದರೆ ಗಾಜು ಕೆಳಕ್ಕೆ ವಾಲಿ ಹೊಳಪು ಹೋಗುತ್ತದೆ. ಹೋಗದಿದ್ದರೆ ಸ್ಟೂಲನ್ನೇ ಸ್ವಲ್ಪ ತಿರುಗಿಸಿ.

"ಸ್ಮೈಲ್ ಪ್ಲೀಸ್" ಅನ್ನಲೇಬೇಡಿ. ಹಾಗೆಂದ ಕೂಡಲೇ ಬಾಯಿ ನಗುತ್ತದೆ, ಕಣ್ಣು ಹೆದರುತ್ತದೆ. ಮಾತಿಗೆ ಎಳೆಯಿರಿ. "ಅಜ್ಜಿ, ನಿಮ್ಮ ತವರಿನಲ್ಲಿ ಎಷ್ಟು ಹಸು ಇದ್ದವು? ಅದರಲ್ಲಿ ಹಾಯೋದು ಯಾವುದು?" ಎಂದು ಕೇಳಿ ನೋಡಿ. ನಿಖರವಾದ ಸಣ್ಣ ಪ್ರಶ್ನೆಗೆ ಮುಖ ಅರಳುತ್ತದೆ. "ಹಳೆಯ ನೆನಪು ಹೇಳಿ" ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ, ಅಲ್ವಾ? ಅವರು ಮಾತಾಡುವಾಗ ಒತ್ತಬೇಡಿ, ಬಾಯಿ ಸೊಟ್ಟ ಬರುತ್ತದೆ. ಮಾತು ಮುಗಿದು ಉಸಿರು ಬಿಡುವ ಆ ಒಂದು ಕ್ಷಣ ಇದೆಯಲ್ಲ, ಆಗ ಮೂರ್ನಾಲ್ಕು ಚಿತ್ರ ಒಟ್ಟಿಗೆ ತೆಗೆಯಿರಿ.

ನಗದಿದ್ದರೂ ಪರವಾಗಿಲ್ಲ. ನಮ್ಮ ಹಿರಿಯರಲ್ಲಿ ಹಲವರು ಫೋಟೋಗೆ ಗಂಭೀರವಾಗಿ ಕೂರುವುದೇ ಮರ್ಯಾದೆ ಎಂದು ನಂಬಿದವರು. ಆ ಗಾಂಭೀರ್ಯವೂ ಅವರದ್ದೇ ಮುಖ.

ಕೈಗೆ ಕೆಲಸ ಕೊಡಿ. ಹೂ ಕಟ್ಟುವ ದಾರ, ಎಲೆಯಡಿಕೆ ತಟ್ಟೆ, ಮಡಚಿದ ಪತ್ರಿಕೆ, ಯಾವುದು ಅವರ ಕೈಗೆ ರೂಢಿಯೋ ಅದು. ಕೈ ಹಗುರಾದರೆ ಭುಜವೂ ಹಗುರಾಗುತ್ತದೆ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ. ಮಧ್ಯದಲ್ಲಿ ಒಂದೆರಡು ಚಿತ್ರ ತೋರಿಸಿ. "ಪರವಾಗಿಲ್ಲ ಕಣೋ, ಚೆನ್ನಾಗೇ ಇದೀನಿ" ಅನ್ನಿಸಿದರೆ ಮುಂದಿನ ಹತ್ತು ಚಿತ್ರ ತಾವಾಗಿಯೇ ಚೆನ್ನಾಗಿ ಬರುತ್ತವೆ.

ಹಂತ 7: ಚೌಕಟ್ಟು

ಕ್ಯಾಮೆರಾವನ್ನು ಅಡ್ಡಕ್ಕಲ್ಲ, ಉದ್ದಕ್ಕೆ ಹಿಡಿಯಿರಿ. ಕಣ್ಣುಗಳು ಚೌಕಟ್ಟಿನ ಮೇಲಿನ ಮೂರನೇ ಒಂದು ಭಾಗದ ಗೆರೆಯ ಹತ್ತಿರ ಬರಲಿ. ತಲೆಯ ಮೇಲೆ ಅರ್ಧ ಚಿತ್ರದಷ್ಟು ಖಾಲಿ ಗೋಡೆ ಬಿಡುವುದು ಹೊಸಬರ ಸಾಮಾನ್ಯ ತಪ್ಪು. ಕತ್ತರಿಸುವುದಾದರೆ ಎದೆಯ ಮಧ್ಯೆ, ಸೊಂಟದ ಮೇಲೆ, ತೊಡೆಯ ಮಧ್ಯೆ ಕತ್ತರಿಸಿ. ಮೊಣಕೈ, ಮಣಿಕಟ್ಟು, ಮಂಡಿ ಇಂಥ ಕೀಲುಗಳ ಮೇಲೆ ಗೆರೆ ಬಿದ್ದರೆ ಕೈಕಾಲು ತುಂಡಾದ ಹಾಗೆ ಕಾಣುತ್ತದೆ. ಪಕ್ಕಕ್ಕೆ ನೋಡುತ್ತಿದ್ದರೆ ನೋಟದ ಕಡೆ ಜಾಗ ಬಿಡಿ.

ಹಂತ 8: ಎಡಿಟಿಂಗ್, ಮತ್ತು ಮೈಬಣ್ಣದ ಮಾತು

ಲೈಟ್‌ರೂಮ್ ಅಥವಾ ಸ್ನ್ಯಾಪ್‌ಸೀಡ್ ಸಾಕು. ಬೆಳಕು ಸ್ವಲ್ಪ ಏರಿಳಿಸಿ, ಕಾಂಟ್ರಾಸ್ಟ್ ಸರಿ ಮಾಡಿ, ಓರೆಯಾಗಿದ್ದರೆ ನೇರ ಮಾಡಿ. ಆ ದಿನ ಎದ್ದ ಮೊಡವೆ ತೆಗೆಯಬಹುದು. ಮಚ್ಚೆ, ಹಚ್ಚೆ, ಸುಕ್ಕು ತೆಗೆಯಬಾರದು. ಅವು ಗುರುತು.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಯಾರ ಮುಖವನ್ನೂ ಬೆಳ್ಳಗೆ ಮಾಡಬೇಡಿ. ಕಪ್ಪು ಮೈಬಣ್ಣ ಚಿತ್ರದಲ್ಲಿ ಅರಳುವುದು ಬಣ್ಣ ತಿಳಿಯಾಗುವುದರಿಂದ ಅಲ್ಲ, ಅದರ ಮೇಲಿನ ಹೊಳಪಿನಿಂದ. ಕೆನ್ನೆಯ ಮೂಳೆ, ಮೂಗಿನ ದಿಂಡು, ಹಣೆಯ ಅಂಚಿನಲ್ಲಿ ಕಿಟಕಿ ಮೆಲ್ಲಗೆ ಹೊಳೆದರೆ ಮುಖದ ಆಕಾರ ತುಂಬಿ ಬರುತ್ತದೆ. ಅದಕ್ಕೆ ಕಿಟಕಿಯನ್ನು ಇನ್ನಷ್ಟು ಪಕ್ಕಕ್ಕೆ ತನ್ನಿ, ಥರ್ಮಾಕೋಲನ್ನು ಹತ್ತಿರ ಹಿಡಿಯಿರಿ, ಹಿನ್ನೆಲೆ ಮುಖಕ್ಕಿಂತ ಸ್ವಲ್ಪ ತಿಳಿಯಾಗಿ ಅಥವಾ ಇನ್ನೂ ಗಾಢವಾಗಿ ಇಡಿ. ಎಡಿಟ್ ಮಾಡುವಾಗ ಸಾಧ್ಯವಾದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಬಣ್ಣವನ್ನು ಮುಖದ ಬಣ್ಣಕ್ಕೆ ಹೋಲಿಸಿ.

ಕಿಟಕಿ ಬಿಟ್ಟು ಹೊರಗೆ

ಜಗಲಿ ಇರುವ ಮನೆಯವರು ಅದೃಷ್ಟವಂತರು. ಮೇಲೆ ಮಾಡು, ಎದುರಿಗೆ ಬಯಲು. ನೆತ್ತಿಯ ಬೆಳಕು ಮಾಡಿಗೆ ತಡೆದು, ಆಕಾಶದ ಬೆಳಕು ಎದುರಿನಿಂದ ಬರುತ್ತದೆ. ಜಗಲಿಯ ಅಂಚಿನಿಂದ ಎರಡು ಮೂರು ಅಡಿ ಒಳಗೆ ಕೂರಿಸಿ. ತೊಟ್ಟಿಮನೆಯ ಹಜಾರಕ್ಕೂ ಇದೇ ಮಾತು. ಮಲೆನಾಡು, ಕರಾವಳಿಯ ಮಳೆಗಾಲದ ಮೋಡದ ದಿನ ಅಂಗಳದಲ್ಲೇ ತೆಗೆಯಬಹುದು, ಇಡೀ ಆಕಾಶವೇ ಒಂದು ದೊಡ್ಡ ಕಿಟಕಿ. ಮರದ ಕೆಳಗೆ ಮಾತ್ರ ಎಚ್ಚರ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚೂರುಗಳು ಮುಖದ ಮೇಲೆ ಕಲೆಗಳಂತೆ ಕಾಣುತ್ತವೆ, ನೆರಳಿಗೆ ಹಸಿರು ಹತ್ತುತ್ತದೆ.

ಪ್ರಿಂಟ್ ಹಾಕಿಸಿ

ಫೋನಿನಲ್ಲೇ ಬಿಟ್ಟರೆ ಚಿತ್ರ ಕಳೆದುಹೋಗುತ್ತದೆ. 8×12 ಇಂಚಿನ ಪ್ರಿಂಟಿಗೆ 2400×3600 ಪಿಕ್ಸೆಲ್ ಇದ್ದರೆ ಸಾಕು, 12 ಮೆಗಾಪಿಕ್ಸೆಲ್ ಫೋನಿನಲ್ಲೂ ಅಷ್ಟು ಸಿಗುತ್ತದೆ. ಕ್ಯಾಮೆರಾದ ಚಿತ್ರ 3:2 ಅಳತೆಯದ್ದಾದ್ದರಿಂದ 8×12ಕ್ಕೆ ಸರಿಯಾಗಿ ಕೂರುತ್ತದೆ. ಫೋನಿನದ್ದು 4:3 ಇರುವುದರಿಂದ ಪಕ್ಕದಲ್ಲಿ ಸ್ವಲ್ಪ ಕತ್ತರಿಸಬೇಕಾಗುತ್ತದೆ, ಅದನ್ನು ನೀವೇ ಕತ್ತರಿಸಿ ಕೊಡಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಪೆನ್‌ಡ್ರೈವ್ ಒಯ್ಯಿರಿ. ಚೌಕಟ್ಟು ಹಾಕಿ ಗಾಜಿನ ಹಿಂದೆ ಇಡುವುದಾದರೆ ಮ್ಯಾಟ್ ಕಾಗದ ಕೇಳಿ.

ಲ್ಯಾಬಿನವರಿಗೆ ಮೊದಲೇ ಹೇಳಿ: "ಕಲರ್ ಕರೆಕ್ಷನ್ ಬೇಡ, ಮುಖ ಬಿಳಿ ಮಾಡಬೇಡಿ, ಹಿನ್ನೆಲೆ ಬದಲಿಸಬೇಡಿ." ಹೇಳದಿದ್ದರೆ ಒಳ್ಳೆಯದಾಗಲಿ ಎಂದು ಅವರೇ ಮಾಡಿಬಿಡುವುದುಂಟು. ಮೊದಲು 4×6 ಅಳತೆಯ ಒಂದು ಪ್ರಿಂಟ್ ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಪರದೆಯಲ್ಲಿ ಕಂಡದ್ದಕ್ಕಿಂತ ಪ್ರಿಂಟ್ ಸಾಮಾನ್ಯವಾಗಿ ಸ್ವಲ್ಪ ಮಂಕಾಗಿ ಬರುತ್ತದೆ. ಹಾಗೆ ಬಂದಿದ್ದರೆ ಚಿತ್ರದ ಬೆಳಕು ಸ್ವಲ್ಪ ಏರಿಸಿ, ಆಮೇಲೆ ದೊಡ್ಡದಕ್ಕೆ ಕೊಡಿ.